ಒಂದೆಲಗಕ್ಕಿಂತ ಮೊದಲು ಬಿ12

ಅತ್ತೆಯವರಿಗೆ 71 ವರ್ಷ. ಹುಟ್ಟಾ ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಹನ್ನೆರಡು-ಹದಿಮೂರು ವರ್ಷದಿಂದ ಮೆಟ್‌ಫಾರ್ಮಿನ್. ನೆನಪು, ಯೋಚನಾಶಕ್ತಿ ಅಳೆಯುವ ಮೋಕಾ ಪರೀಕ್ಷೆಯಲ್ಲಿ 30ಕ್ಕೆ 20 ಬಂದಾಗ, ಊಟ ಬದಲಿಸಿದರೆ ಮರೆವು ಹೋಗುತ್ತದೆ ಎಂದು ನಂಬಿದವರು ಯಾರೂ ಇಲ್ಲ. ಮಿದುಳಿಗೆ ಒಳ್ಳೆಯದೆಂದು ಅಮೆರಿಕದಲ್ಲಿ ರೂಪಿಸಿದ ಮೈಂಡ್ ಆಹಾರದ ಮೂರು ವರ್ಷದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ ಎಂಬ 2023ರ ವರದಿಯನ್ನೂ ನಂಬದವರು ಎದುರಿಗಿಟ್ಟರು. ನಿಜ. ಆದರೆ ಅದರಲ್ಲಿದ್ದವರಿಗೆ ಮರೆವೇ ಶುರುವಾಗಿರಲಿಲ್ಲ, ಎರಡೂ ಗುಂಪಿನವರು ತೂಕ ಇಳಿಸುವ ಪಥ್ಯದಲ್ಲಿದ್ದರು. ನಮ್ಮಲ್ಲಿ ಹನ್ನೊಂದು ತಿಂಗಳಿಗೆ 24 ಬಂತು. ಆಲ್ಝೈಮರ್ ವಾಸಿಯಾಯಿತು ಎನ್ನುತ್ತಿಲ್ಲ. ವಿಟಮಿನ್ ಬಿ12 ಕೊರತೆಯಿಂದ ಮಂಕಾಗಿದ್ದಷ್ಟು ಭಾಗ ಮರಳಿತು.

ಮೊದಲ ಐದಾರು ಸಾವಿರ ರೂಪಾಯಿ ನೆನಪಿನ ಶಕ್ತಿಯ ಪುಡಿ, ಲೇಹ್ಯಗಳಿಗೆ ಹೋಯಿತು. ಅದರ ಕಾಲು ಭಾಗದಲ್ಲಿ ಬಿ12, ಥೈರಾಯ್ಡ್, ಸೋಡಿಯಂ ಮೂರೂ ನೋಡಿಸಬಹುದಿತ್ತು. ಬಿ12 ಸುಮಾರು 150 ಇತ್ತು, ಕಡಿಮೆಯೇ. ಮೆಟ್‌ಫಾರ್ಮಿನ್ ಅದನ್ನು ಇಳಿಸುತ್ತದೆ, ವರ್ಷಗಟ್ಟಲೆ ನುಂಗುವ ಗ್ಯಾಸಿನ ಮಾತ್ರೆಯೂ ಇಳಿಸುತ್ತದೆ. ಹಾಲು-ಮೊಸರಿನಿಂದ ಈ ಗುಂಡಿ ತುಂಬುವುದಿಲ್ಲ. ವೈದ್ಯರು ಇಂಜೆಕ್ಷನ್ ಬರೆದರು: ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಬಿ12 ನೋಡಿಸದೆ ಬರೀ ಫೋಲಿಕ್ ಆಮ್ಲದ ಮಾತ್ರೆ ಕೊಡಬೇಡಿ. ರಕ್ತಹೀನತೆ ಮರೆಯಾಗುತ್ತದೆ, ನರ ಹಾಳಾಗುವುದು ನಿಲ್ಲುವುದಿಲ್ಲ.

ತಟ್ಟೆಯಲ್ಲಿ ಮಾಡಿದ ಮೊದಲ ತಪ್ಪು ಅನ್ನ ಪೂರ್ತಿ ನಿಲ್ಲಿಸಿದ್ದು. ಸಕ್ಕರೆ ಇಳಿಸುವ ರಾತ್ರಿಯ ಗ್ಲಿಮೆಪಿರೈಡ್ ಮಾತ್ರೆ ಹಾಗೇ ಇತ್ತು. ಸಕ್ಕರೆ 60ರ ಆಸುಪಾಸಿಗೆ ಇಳಿದು, ಬೆವರಿ, ಇರುವುದು ಯಾವ ಊರು ಎಂಬುದೇ ಗೊತ್ತಾಗದಂತಾಯಿತು. ಅನ್ನ ಇಳಿಸುವ ಮೊದಲೇ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಎರಡು ತಿಂಗಳಲ್ಲಿ ತೂಕವೂ ನಾಲ್ಕು ಕಿಲೋ ಇಳಿಯಿತು, ಈ ವಯಸ್ಸಿಗೆ ಅದು ದೊಡ್ಡ ನಷ್ಟ. ಬಿಪಿಗೆಂದು ಉಪ್ಪು ತೀರಾ ಕಡಿಮೆ ಮಾಡಿದ್ದು ಇನ್ನೊಂದು ತಪ್ಪು. ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆಗೆ ಅದೂ ಸೇರಿ ಸೋಡಿಯಂ ಕುಸಿಯಿತು, ಗೊಂದಲ ಹೆಚ್ಚಿತು. ಮರೆವೇ ಜೋರಾಯಿತೆಂದು ಒಂದು ವಾರ ಸುಮ್ಮನೆ ಕಳೆದೆವು.

ಈಗ ಮಧ್ಯಾಹ್ನ ಒಂದು ಬಟ್ಟಲು ಅನ್ನ, ಅದರ ಒಂದೂವರೆ ಪಟ್ಟು ಪಲ್ಯ. ಹರಿವೆ, ಬಸಳೆ, ನುಗ್ಗೆಸೊಪ್ಪು ಸರದಿಯಲ್ಲಿ, ಹಸಿಯಾಗಿ ಅಳೆದರೆ ಎರಡು ದೊಡ್ಡ ಮುಷ್ಟಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಏರಿಸಬಾರದು, ದಿನವೂ ಒಂದೇ ಅಳತೆ ಇರಲಿ. ಹೆಸರುಕಾಳು ಅಥವಾ ಕಡಲೆ ಉಸಲಿ ಎರಡು ಹೊತ್ತು. ರಾತ್ರಿ ಊಟ 7ಕ್ಕೆ. ನಾಲ್ಕು ಗಂಟೆಯ ಬಿಸ್ಕತ್ತಿನ ಬದಲು ಐದು ವಾಲ್‌ನಟ್, ಅದು ದುಬಾರಿಯಾದಾಗ ನೆನೆಸಿದ ಶೇಂಗಾ. ನೀರು ಕುಡಿಯುವುದೇ ಮರೆತುಹೋಗುವುದರಿಂದ ಮಜ್ಜಿಗೆ, ಸಾರು, ತಂಬುಳಿ ಎಲ್ಲ ಸೇರಿ ಒಂದೂವರೆ ಲೀಟರ್ ಲೆಕ್ಕ ಹಾಕಿ ಕೊಡುತ್ತೇನೆ.

ಅಗಸೆ ಚಟ್ನಿಪುಡಿ ನಮ್ಮ ಮನೆಯಲ್ಲಿ ಕೆಟ್ಟದ್ದು ಮೂರು ಸಲ. ಕಾಲು ಕಿಲೋ ಅಗಸೆಯನ್ನು ಸಣ್ಣ ಉರಿಯಲ್ಲಿ, ಚಟಪಟ ಸದ್ದು ನಿಲ್ಲುವ ಮೊದಲೇ ಇಳಿಸಬೇಕು, ಸೀದರೆ ಕಹಿ. ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹತ್ತು ಬ್ಯಾಡಗಿ, ಹಿಡಿ ಉದ್ದಿನಬೇಳೆ, ಹುಣಸೆ, ಬೆಳ್ಳುಳ್ಳಿ. ಕಮಟು ವಾಸನೆ ತಡೆಯಲು ಇನ್ನೊಂದು ಸಾಮಾನು ಹಾಕುತ್ತೇನೆ, ಅದು ನನ್ನಲ್ಲೇ ಇರಲಿ. ಫ್ರಿಜ್‌ನಲ್ಲಿ ಎರಡು ವಾರ, ದಿನಕ್ಕೆ ಒಂದೂವರೆ ಚಮಚ. ಅಗಸೆಯ ಕೊಬ್ಬು ದೇಹದಲ್ಲಿ, ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬಾದ ಡಿಎಚ್‌ಎ ಆಗುವುದು ತೀರಾ ಸ್ವಲ್ಪ. ಮೀನು ತಿನ್ನುವ ಮನೆಯವರಿಗೆ ವಾರಕ್ಕೆ ಎರಡು ಸಲದ ಬಂಗುಡೆ, ಬೂತಾಯಿಯೇ ಮೇಲು.

ಮಿದುಳಿಗೆ ಇಂಧನವಾಗುವ ಕೀಟೋನ್ ಏರಿಸುತ್ತದೆಂದು ಎಂಸಿಟಿ ಎಣ್ಣೆಯನ್ನೂ ನೋಡಿದೆ, ಅರ್ಧ ಲೀಟರಿಗೆ ಸಾವಿರದ ಮೇಲೆ. ಬರಿಹೊಟ್ಟೆಗೆ ಒಂದು ದೊಡ್ಡ ಚಮಚ ಕೊಟ್ಟ ದಿನ ಭೇದಿ. ಆಮೇಲೆ ಅರ್ಧ ಟೀ ಚಮಚದಿಂದ, ಊಟದ ಜೊತೆ, ವಾರಕ್ಕಿಷ್ಟು ಏರಿಸಿದೆ. ಎರಡು ಬಾಟಲಿ ಮುಗಿದರೂ ಏನೂ ಬದಲಾಗಲಿಲ್ಲ, ಬಿಟ್ಟೆ. ಕೊಬ್ಬರಿ ಎಣ್ಣೆ ಅದರ ಬದಲಿಯಲ್ಲ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ, ಕೀಟೋನ್ ಅಷ್ಟಾಗಿ ಏರುವುದಿಲ್ಲ. ಒಂದೆಲಗದ ತಂಬುಳಿ ವಾರಕ್ಕೆ ಮೂರು ದಿನ ಇದೆ, ಕುಂಡದಲ್ಲೇ ಬೆಳೆದದ್ದು. ಅಂಕ ಏರಿದ್ದು ಅದರಿಂದ ಎನ್ನಲಾರೆ, ಆದರೆ ಅದಿದ್ದ ದಿನ ಪಲ್ಯವೂ ಪೂರ್ತಿ ಖಾಲಿಯಾಗುತ್ತದೆ.

ಅಂಕ ನೋಡುವಾಗ ಹೊತ್ತು ಬದಲಾಗಬಾರದು. ನಮ್ಮದು ಆರು ತಿಂಗಳಿಗೊಮ್ಮೆ, ತಿಂಡಿಯಾದ ಮೇಲೆ ಹತ್ತು ಗಂಟೆಗೆ. ಒಮ್ಮೆ ಸಂಜೆ ಮಾಡಿಸಿದಾಗ ಎರಡು ಅಂಕ ಕಡಿಮೆ ಬಂದು, ಇಡೀ ಊಟದ ಪಟ್ಟಿಯನ್ನೇ ಬದಲಿಸಲು ಹೊರಟಿದ್ದೆ.