ಗಾಡಿಯೂ ಓಡಿತು, ಎಂ ತ್ರೀ ಕೂಡ ಪಾಸಾಯಿತು

ಎರಡನೆಯ ವರ್ಷದ ಫಲಿತಾಂಶ ಬಂದ ದಿನ ಕಲಬುರಗಿಯಿಂದ ಮಾವ ಫೋನ್ ಮಾಡಿ, "ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ಇದೇ" ಎಂದಿದ್ದರು. ಆ ದಿನದ ಮಟ್ಟಿಗೆ ಅವರು ಹೇಳಿದ್ದು ಸುಳ್ಳಲ್ಲ. ಮೂರು ವಿಷಯ ಉಳಿದಿದ್ದವು, ಅದರಲ್ಲೊಂದು ಎಂ ತ್ರೀ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ; ಉಳಿದವರಿಗೆ, ಅದು ಗಣಿತದ ಮೂರನೆಯ ಪೇಪರ್. ಹೋಗಲಿ, ಇನ್ನೊಂದು ದೋಣಿ, ನಮ್ಮ ಕಾಲೇಜಿನ ತಂಡ ಕಟ್ಟಿದ ರೇಸ್ ಗಾಡಿಯಾದರೂ ಓಡಿತೇ ಎಂದರೆ ಅದೂ ಇಲ್ಲ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ವಿದ್ಯಾರ್ಥಿಗಳೇ ಕಟ್ಟಿದ ರೇಸ್ ಗಾಡಿಗಳ ಸ್ಪರ್ಧೆ ಫಾರ್ಮುಲಾ ಭಾರತ್. ಗಾಡಿಯನ್ನು 60 ಡಿಗ್ರಿ ವಾಲಿಸುವ ಪರೀಕ್ಷೆ ದಾಟಿದೆವು, ಶಬ್ದದ ಪರೀಕ್ಷೆ ದಾಟಿದೆವು, ಬ್ರೇಕಿನಲ್ಲಿ ಸಿಕ್ಕಿಬಿದ್ದೆವು. ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು. ನಮ್ಮ ಹಿಂದಿನ ಎಡಚಕ್ರ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಅರ್ಧ ಸುತ್ತು ಹೆಚ್ಚು ಉರುಳುತ್ತಿತ್ತು. ಹತ್ತು ಹನ್ನೊಂದು ಸಲ ಪ್ರಯತ್ನಿಸಿದೆವು, ಬ್ರೇಕ್ ಎಣ್ಣೆಯ ಲೈನಿನ ಗಾಳಿ ತೆಗೆದದ್ದೇ ತೆಗೆದದ್ದು. ಗಡುವು ಮುಗಿಯಿತು. ಸುಮಾರು ಒಂಬತ್ತು ಲಕ್ಷದ ಗಾಡಿ ಟ್ರ್ಯಾಕಿಗೆ ಇಳಿಯದೆ ಟೆಂಪೊ ಹತ್ತಿತು. ನನ್ನ ಪಾಲು ಹನ್ನೆರಡು ಸಾವಿರ. ಓದಿನ ಪರೀಕ್ಷೆಯ ವೇಳಾಪಟ್ಟಿ ಬದಲಾಗಿ ರದ್ದು ಮಾಡಿದ ಟಿಕೆಟುಗಳಿಂದ ತಂಡಕ್ಕೆ ಇನ್ನೊಂದು ಏಳು ಸಾವಿರ ನಷ್ಟ. ಅಪ್ಪನಿಗೆ ಆ ಹನ್ನೆರಡು ಸಾವಿರದ ಲೆಕ್ಕ ಕೊಡಲಾಗದೆ, ನಮ್ಮ ಕಟ್ಟಡದ ಮೂವರು ಮಕ್ಕಳಿಗೆ ಒಂಬತ್ತನೆಯ ತರಗತಿಯ ಗಣಿತ ಹೇಳಿಕೊಟ್ಟು ತೀರಿಸಿದೆ.

ತಪ್ಪು ಎಲ್ಲಿತ್ತೆಂದು ತಿಳಿಯಲು ಬಹಳ ದಿನ ಬೇಕಾಯಿತು. ಗಾಡಿ ಕಟ್ಟುವ ಭೋಸರಿಯ ವರ್ಕ್‌ಶಾಪಿಗೆ ಪುಸ್ತಕ ಒಯ್ಯುತ್ತಿದ್ದೆ, ಅಭ್ಯಾಸಿಕೆಯಲ್ಲಿ, ಅಂದರೆ ಓದುವ ಕೋಣೆಯಲ್ಲಿ ಕುಳಿತು ಸಸ್ಪೆನ್ಷನ್ ಚಿತ್ರ ಬರೆಯುತ್ತಿದ್ದೆ. ಎರಡು ಕಡೆಯೂ ಇದ್ದಂತೆ ಕಾಣುತ್ತಿತ್ತು, ಎರಡು ಕಡೆಯೂ ಇರಲಿಲ್ಲ.

ಮೂರನೆಯ ವರ್ಷ ತಲೆಕೆಳಗು ಮಾಡಿದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೇಗಿದ್ದರೂ ಕಂಪ್ಯೂಟರಿನೊಳಗೇ ಇರುತ್ತದೆ. ಆ ಮೂರು ತಿಂಗಳಲ್ಲಿ ಸೆಮಿಸ್ಟರ್ ನಡುವಿನ 30 ಅಂಕದ ಪರೀಕ್ಷೆ ಇನ್‌ಸೆಮ್ ಮಾತ್ರವಲ್ಲ, ಕೊನೆಯ 70 ಅಂಕದ ಎಂಡ್‌ಸೆಮ್‌ನ ಯೂನಿಟ್‌ಗಳನ್ನೂ ಓದಿ ಮುಗಿಸುವುದು. ಚೌಕಟ್ಟಿನ ಪೈಪುಗಳು ಭೋಸರಿ ತಲುಪಿದ ದಿನದಿಂದ ಟೆಂಪೊ ಹೊರಡುವವರೆಗೆ ಒಂದು ಪುಟವನ್ನೂ ತೆರೆಯದಿರುವುದು. ಕ್ಲಾಸಿನಲ್ಲಿ ಇನ್ನೂ ಶುರುವಾಗದ ಯೂನಿಟ್ ಓದುತ್ತಿದ್ದರೆ ರೂಮಿನವನು ನಕ್ಕ. ಸಂಜೆಯ ಸಭೆಗಳಿಗೆ ಬರುವುದಿಲ್ಲವೆಂದು ಕ್ಯಾಪ್ಟನ್ ಎರಡು ವಾರ ಮಾತು ಬಿಟ್ಟ. ನಮ್ಮ ಪ್ರಾಧ್ಯಾಪಕರೊಬ್ಬರು, "ಮರೆತುಹೋಗುತ್ತದೆ, ಬರೆದಿಟ್ಟುಕೋ" ಎಂದರು. ಮರೆಯುತ್ತದೆ, ನಿಜ. ಆದರೆ ಒಮ್ಮೆ ಓದಿ ಮರೆತದ್ದನ್ನು ಮತ್ತೆ ತಲೆಗೆ ತರಲು ಒಂದು ಹಗಲು ಸಾಕು. ಓದದೇ ಇದ್ದದ್ದನ್ನು ತರಲು ಯಾವ ರಾತ್ರಿಯೂ ಸಾಲದು.

ಗಾಡಿಯ ಲೆಕ್ಕವನ್ನೇ ಓದಿಗೆ ಕಟ್ಟಿದ್ದು ಇನ್ನೊಂದು ಕೆಲಸ. ಚಾಲಕನ ಸಮೇತ ಸುಮಾರು 300 ಕಿಲೋ ತೂಗುವ ಗಾಡಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಂದು ನಿಂತರೆ 74 ಕಿಲೋಜೌಲ್‌ನಷ್ಟು ಶಕ್ತಿ ಬಹುಪಾಲು ಡಿಸ್ಕುಗಳಿಗೆ ಹೋಗುತ್ತದೆ. ಇದನ್ನು ಡಿಸೈನ್ ತೀರ್ಪುಗಾರರಿಗೆ ಹೇಗೂ ವಿವರಿಸಲೇಬೇಕು. ಹಾಗಿರುವಾಗ ಹೀಟ್ ಟ್ರಾನ್ಸ್‌ಫರ್ ವಿಷಯದ ಓರಲ್‌ಗೆ, ಅಂದರೆ ಮೌಖಿಕ ಪರೀಕ್ಷೆಗೆ ಬೇರೆಯಾಗಿ ಏಕೆ ಓದಬೇಕು? ಆಕ್ಸಲ್‌ನ ತಿರುಚು ಬಲವೂ ಹಾಗೆಯೇ ಮಷಿನ್ ಡಿಸೈನಿನ ಸಬ್ಮಿಷನ್‌ಗೆ ಹೋಯಿತು. ಅದಕ್ಕೆ ಒಪ್ಪಿಗೆ ಪಡೆದದ್ದು ಹೇಗೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷದವರಿಗೆ ಆ ಬಾಗಿಲು ಮುಚ್ಚುತ್ತದೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ನ್ಯೂಮೆರಿಕಲ್ ಮೆಥಡ್ಸ್ ಪೂರ್ತಿ ನನ್ನದೇ ಧ್ವನಿಯಲ್ಲಿ, ಕನ್ನಡದಲ್ಲಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬಸ್ಸಿನಲ್ಲಿ ಕೇಳುತ್ತಿದ್ದೆ. ತಿಂಗಳ ಕೊನೆಗೆ ಶಿವಾಜಿನಗರದಿಂದ ಭೋಸರಿವರೆಗಿನ ನಿಲ್ದಾಣಗಳೆಲ್ಲ ಬಾಯಿಪಾಠವಾದವು, ಒಂದು ಸೂತ್ರವೂ ಉಳಿಯಲಿಲ್ಲ.

ವರ್ಕ್‌ಶಾಪಿನ ಕಾಕಾ ಇಂಡಿ ಕಡೆಯವರು. ಹಿಂದಿನ ವರ್ಷ ವೆಲ್ಡಿಂಗ್ ಬಿಸಿಗೆ ಚೌಕಟ್ಟು ನಾಲ್ಕು ಮಿಲಿಮೀಟರ್ ಎಳೆದುಕೊಂಡಿತ್ತು. ಈ ಸಲ ಪ್ಲೈವುಡ್ ಕತ್ತರಿಸಿ, ಪೈಪುಗಳನ್ನು ಅಲುಗದಂತೆ ಹಿಡಿಯುವ ಜಿಗ್ ಮಾಡಿಕೊಂಡೆವು, ಕಬ್ಬಿಣದ ಜಿಗ್‌ಗೆ ಹೋಲಿಸಿದರೆ ಹದಿನೈದು ಸಾವಿರವಾದರೂ ಉಳಿಯಿತು. ಕಾಕಾ "ಒಂದೇ ಮಗ್ಗುಲಲ್ಲಿ ಸುಡಬೇಡಪ್ಪ, ಕಬ್ಬಿಣಕ್ಕೂ ಸಿಟ್ಟು ಬರುತ್ತದೆ" ಎಂದು ಹೇಳಿ ಯಾವ ಕೀಲಿನ ನಂತರ ಯಾವುದು ಎಂದು ಸುಣ್ಣದ ಕಡ್ಡಿಯಲ್ಲಿ ಅಂಕಿ ಬರೆದುಕೊಟ್ಟರು. ಆ ಅಂಕಿಗಳು ನಮ್ಮ ತಂಡದ ಆಸ್ತಿ. ಎಳೆತ ಒಂದು ಮಿಲಿಮೀಟರಿಗೆ ಇಳಿಯಿತು ಎಂದಷ್ಟೇ ಹೇಳುತ್ತೇನೆ.

ಆ ವರ್ಷ ಎಂಡ್‌ಸೆಮ್ ಜನವರಿಗೆ ಜಾರಿ, ಸ್ಪರ್ಧೆಯಿಂದ ಮರಳಿದ ನಾಲ್ಕನೆಯ ದಿನವೇ ಮೊದಲ ಪೇಪರ್ ಬಿತ್ತು. ಗಾಡಿ ಟೆಂಪೊದಲ್ಲಿ ಹುಬ್ಬಳ್ಳಿ ಮೇಲೆ ಹೋಯಿತು, ನಾವು ಹದಿನಾಲ್ಕು ಜನ ಕುರ್ಲಾ–ಕೊಯಮತ್ತೂರು ಎಕ್ಸ್‌ಪ್ರೆಸ್ ಹತ್ತಿದೆವು. ರೈಲಿನಲ್ಲಿ ಓದುತ್ತೇನೆ ಎನ್ನುವವರನ್ನು ನಂಬಬೇಡಿ. ಮೂರನೆಯ ಪುಟಕ್ಕೆ ನಿದ್ದೆ ಬರುತ್ತದೆ. ನಾವು ಓದಲಿಲ್ಲ, ಪಾಠ ಮಾಡಿದೆವು. ಒಬ್ಬೊಬ್ಬರಿಗೆ ಒಂದೊಂದು ಯೂನಿಟ್. ಪುಸ್ತಕ ಮುಚ್ಚಿ ಎದುರಿನ ಬರ್ತಿನವರಿಗೆ ಜೋರಾಗಿ ಹೇಳಬೇಕು, ತಡವರಿಸಿದರೆ ಎಲ್ಲರಿಗೂ ಚಹಾ ಅವನದೇ ಖರ್ಚು. ಎಂ ತ್ರೀಯ ಲಾಪ್ಲಾಸ್ ಎಂಬ ಪಾಠ ಹೇಳುವಾಗ ನನ್ನ ಜೇಬಿನಿಂದ ನೂರಾ ನಲವತ್ತು ರೂಪಾಯಿ ಹೋಯಿತು. ಅದಾದ ಮೇಲೆ ಲಾಪ್ಲಾಸ್ ಮರೆತಿಲ್ಲ.

ಬೆಳಿಗ್ಗೆ ಕಲಬುರಗಿಯ ಪ್ಲಾಟ್‌ಫಾರ್ಮಿನಲ್ಲಿ ಅವ್ವ ನಿಂತಿದ್ದಳು. ಹಳೆಯ ಧೋತರದಲ್ಲಿ ಕಟ್ಟಿದ ಅರವತ್ತು ಖಡಕ್ ರೊಟ್ಟಿ, ಹಾರ್ಲಿಕ್ಸ್ ಬಾಟಲಿಯ ತುಂಬ ಶೇಂಗಾ ಹಿಂಡಿ. ಪಕ್ಕದಲ್ಲಿ ಮಾವ. ಬೋಗಿಯ ಉದ್ದಕ್ಕೂ ಕಣ್ಣಾಡಿಸಿ, "ನಿಮ್ಮ ಕಾರು ಯಾವ ಡಬ್ಬಿಯಲ್ಲಿದೆ?" ಎಂದು ಕೇಳಿದರು. ಆ ಗಂಟು ನಮಗೆ ಎರಡು ದಿನದ ಊಟದ ಖರ್ಚು, ಅಂದಾಜು ನಾಲ್ಕು ಸಾವಿರ, ಉಳಿಸಿತು.

ಬ್ರೇಕ್ ಎರಡನೆಯ ಪ್ರಯತ್ನಕ್ಕೇ ಪಾಸಾಯಿತು. ಎಂಡ್ಯೂರೆನ್ಸ್, ಅಂದರೆ ಗಾಡಿಯ ತಾಳಿಕೆ ನೋಡುವ ಓಟ, 22 ಕಿ.ಮೀ.; ಅರ್ಧದಲ್ಲಿ ಚಾಲಕ ಬದಲಾಗಬೇಕು, ಬಿಸಿ ಎಂಜಿನ್ ಮತ್ತೆ ಶುರುವಾಗಬೇಕು. ನಮ್ಮದು ಡ್ಯೂಕ್ 390 ಬೈಕಿನ ಎಂಜಿನ್. ಮೊದಲ ಸಲ ಗೊರ್ ಎಂದು ಸುಮ್ಮನಾಯಿತು, ಎರಡನೆಯ ಸಲವೂ ಅಷ್ಟೇ. ಮೂರನೆಯದಕ್ಕೆ ಹತ್ತಿಕೊಂಡಿತು. ಓಟ ಮುಗಿಸಿತು. ಪ್ರಶಸ್ತಿ ಬರಲಿಲ್ಲ, ಆದರೆ ನಮ್ಮ ತಂಡ ಓಟ ಮುಗಿಸಿದ್ದು ಅದೇ ಮೊದಲು.

ಆ ಸೆಮಿಸ್ಟರ್ ಹತ್ತಕ್ಕೆ 8.1 ಬಂತು ಎಂದು ನೆನಪು, ಎಂ ತ್ರೀಯಲ್ಲಿ ಐವತ್ತೆಂಟು. ಮಾವ ಫೋನ್ ಮಾಡಲಿಲ್ಲ, ನಾನೇ ಮಾಡಿದೆ. ಟೆಂಪೊದವರಿಗೆ ಅರವತ್ತು ಸಾವಿರದಲ್ಲಿ ಇನ್ನೂ ಎಂಟು ಸಾವಿರ ಬಾಕಿಯಿದೆ. ಈಗಿನ ಖಜಾಂಚಿ ಇದನ್ನು ಓದುತ್ತಿದ್ದರೆ, ರಸೀದಿ ವರ್ಕ್‌ಶಾಪಿನ ಕಾಕಾರ ಡ್ರಾಯರಿನಲ್ಲಿದೆ.