ಎರಡು ನೋಡ್‌ಗಳ ಕ್ಲಸ್ಟರ್‌ಗೆ ಮೂರನೆಯ ಮತ

ವರ್ಚುವಲ್ ಮಷೀನ್‌ಗಳನ್ನು ನಡೆಸುವ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್ ವಿಇ ಬಳಸಿ ಎರಡು ಸರ್ವರ್‌ಗಳ (ನೋಡ್‌ಗಳ) ಕ್ಲಸ್ಟರ್ ಕಟ್ಟಿ, ವರ್ಚುವಲ್ ಮಷೀನ್‌ಗಳಿಗೆ ಹೈ ಅವೈಲಬಿಲಿಟಿ ಅಳವಡಿಸಿದ್ದೆ. ಪರೀಕ್ಷೆಗೆಂದು ಒಂದು ಸರ್ವರ್‌ನ ವಿದ್ಯುತ್ ತೆಗೆದಾಗ, ಅದರ ಮಷೀನ್‌ಗಳು ಇನ್ನೊಂದರಲ್ಲಿ ಆರಂಭವಾಗುವ ಬದಲು, ಸುಮಾರು ಒಂದು ನಿಮಿಷದಲ್ಲಿ ಆ ಇನ್ನೊಂದು ಸರ್ವರ್ ಕೂಡ ತಾನಾಗಿಯೇ ರೀಬೂಟ್ ಆಯಿತು.

ಲಾಗ್‌ಗಳನ್ನು ಓದಿದಾಗ ಕಾರಣ ತಿಳಿಯಿತು. ನೋಡ್‌ಗಳ ನಡುವಿನ ಸಂಪರ್ಕ ನೋಡಿಕೊಳ್ಳುವ ಕೋರೋಸಿಂಕ್ ಪ್ರತಿ ನೋಡ್‌ಗೆ ಒಂದು ಮತ ಕೊಡುತ್ತದೆ. ಒಟ್ಟು 2 ಮತಗಳಿರುವಲ್ಲಿ ಬಹುಮತಕ್ಕೆ ಎರಡೂ ಬೇಕು. ಉಳಿದ ನೋಡ್‌ಗೆ, ಜೊತೆಗಾರ ನಿಜವಾಗಿ ನಿಂತಿದೆಯೋ ಅಥವಾ ನಡುವಿನ ನೆಟ್‌ವರ್ಕ್ ಮಾತ್ರ ಕಡಿದಿದೆಯೋ ಎಂದು ತಿಳಿಯುವ ದಾರಿಯಿಲ್ಲದ ಕಾರಣ, ಒಂದೇ ಡಿಸ್ಕ್‌ಗೆ ಇಬ್ಬರೂ ಬರೆದು ದತ್ತಾಂಶ ಕೆಡದಿರಲೆಂದು ವಾಚ್‌ಡಾಗ್ (ಕಾವಲು ಟೈಮರ್) ಅದನ್ನು ರೀಬೂಟ್ ಮಾಡುತ್ತದೆ. ನಿರೀಕ್ಷಿತ ಮತಗಳನ್ನು 1ಕ್ಕೆ ಇಳಿಸುವ ಆದೇಶವಿದೆಯಾದರೂ, ಅದು ಈ ರಕ್ಷಣೆಯನ್ನೇ ಕಿತ್ತುಹಾಕುವುದರಿಂದ ಶಾಶ್ವತ ಪರಿಹಾರವಾಗಿ ನಾನು ಅದನ್ನು ಒಪ್ಪಲಾರೆ.

ಬದಲಿಗೆ, ಕ್ಲಸ್ಟರ್‌ನ ಹೊರಗಿದ್ದ ಒಂದು ಸಣ್ಣ ಡೆಬಿಯನ್ ಯಂತ್ರದಲ್ಲಿ ಮೂರನೆಯ ಮತ ನೀಡುವ ಸೇವೆಯಾದ ಕೋರೋಸಿಂಕ್-ಕ್ಯೂನೆಟ್‌ಡಿ, ಎರಡೂ ನೋಡ್‌ಗಳಲ್ಲಿ ಅದನ್ನು ಸಂಪರ್ಕಿಸುವ ಕೋರೋಸಿಂಕ್-ಕ್ಯೂಡಿವೈಸ್ ಅನುಸ್ಥಾಪಿಸಿ, ಟಿಸಿಪಿ 5403 ಪೋರ್ಟ್ ತೆರೆದು, ಎರಡೂ ನೋಡ್‌ಗಳು ಚಾಲನೆಯಲ್ಲಿರುವಾಗ ಒಂದರಿಂದ ‘ಪಿವಿಇಸಿಎಂ ಕ್ಯೂಡಿವೈಸ್ ಸೆಟಪ್’ ಆದೇಶ ನೀಡಿದೆ. ಆ ಯಂತ್ರಕ್ಕೆ ರೂಟ್ ಎಸ್‌ಎಸ್‌ಎಚ್ ಪ್ರವೇಶವನ್ನು ಆ ಹೊತ್ತಿಗೆ ತೆರೆದಿಡಬೇಕಾಯಿತು.

ಈಗ ಒಟ್ಟು ಮತ 3, ಬಹುಮತ 2. ಮತ್ತೆ ಪರೀಕ್ಷಿಸಿದಾಗ ಮಷೀನ್‌ಗಳು ಉಳಿದ ನೋಡ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಎದ್ದವು. ಹಂಚಿಕೆಯ ಸ್ಟೋರೇಜ್ ಇಲ್ಲದೆ ಜ಼ಡ್‌ಎಫ್‌ಎಸ್ ರೆಪ್ಲಿಕೇಶನ್ (ಡಿಸ್ಕ್‌ನ ಪ್ರತಿಯನ್ನು ಆಗಾಗ ಇನ್ನೊಂದು ನೋಡ್‌ಗೆ ಕಳಿಸುವ ವಿಧಾನ) ನೆಚ್ಚಿಕೊಂಡವರು ಮಾತ್ರ, ಕೊನೆಯ ಪ್ರತಿಯ ನಂತರ ಬರೆದ ದತ್ತಾಂಶ ಹೋಗುತ್ತದೆಂಬುದನ್ನು ಲೆಕ್ಕದಲ್ಲಿಟ್ಟು ಅದರ ಅವಧಿಯನ್ನು ನಿಗದಿಪಡಿಸಬೇಕು.