ನೂರಕ್ಕೆ ಐದರ ಸಾಲ ಮೊದಲು ತೀರಿಸಿ

ವಿಜಯಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮಗಳ ಫೀಸಿಗೆ ಅಂತ 20,000 ರೂಪಾಯಿ ಸಾಲ ತಂದಿದ್ದೆ, ನೂರಕ್ಕೆ ಐದರ ಬಡ್ಡಿ. ಕೇಳೋಕೆ ಐದೇ ರೂಪಾಯಿ, ಅಲ್ವಾ? ಆದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ 12,000 ಬಡ್ಡಿಗೇ ಹೋಯಿತು, ಅಸಲು ಹಾಗೇ ಉಳಿಯಿತು.

ಮೊದಲು ನಿಮ್ಮ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ತಿಂಗಳ ಲೆಕ್ಕದ ಬಡ್ಡಿ ದರವಿದ್ದರೆ ಅದನ್ನು 12ರಿಂದ ಗುಣಿಸಿ. ಯಾವುದರ ದರ ಜಾಸ್ತಿಯೋ ಆ ಸಾಲವನ್ನೇ ಮೊದಲು ಮುಗಿಸಿ. ನಾನು ಬೆಂಡೋಲೆ ಬ್ಯಾಂಕಿನಲ್ಲಿಟ್ಟು, ವರ್ಷಕ್ಕೆ ನೂರಕ್ಕೆ 9ರಂತೆ ಅಷ್ಟೇ ಹಣ ತಂದು ಆ ಸಾಲ ತೀರಿಸಿದೆ. ಓಲೆ ಬಿಚ್ಚುವಾಗ ಕೈ ನಡುಗಿತ್ತು. ಆದರೆ ತಿಂಗಳಿಗೆ 1,000 ಹೋಗುತ್ತಿದ್ದ ಕಡೆ ಈಗ 150. ಉಳಿದ 850 ಅಸಲಿಗೆ ಕಟ್ಟುತ್ತೇನೆ. ಒಡವೆ ಸಾಲದ ಗಡುವಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ದಾಟಿದರೆ ಒಡವೆ ಹರಾಜಿಗೆ ಹೋಗಬಹುದು.

ಸಾಲ ತೀರಿಸೋಕೆ ಮನೆ ಖರ್ಚಲ್ಲೂ ಉಳಿಸಿ. ಜೋಳವನ್ನು ಸುಗ್ಗಿಯಲ್ಲೇ ಚೀಲಗಟ್ಟಲೆ ತಗೊಳ್ಳಿ. ಕಿಲೋ ಲೆಕ್ಕದಲ್ಲಿ ತಂದರೆ ತುಟ್ಟಿ. ಬಿಸಿಲಿಗೆ ಹಾಕಿ, ಒಣ ಬೇವಿನೆಲೆ ಬೆರೆಸಿಟ್ಟರೆ ಹುಳ ಹಿಡಿಯುವುದು ಕಡಿಮೆ.

ಸಾಲ ವಸೂಲಿಗೆ ಬಂದವರು ಬೆದರಿಸಿದರೆ ಸುಮ್ನೆ ಸಹಿಸಬೇಡಿ. ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೇ ಬಂದಿದೆ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.